ಯಾರ ಸಹಿಗೆ ಬೆಲೆ? ಲಿನಕ್ಸ್ ಸರ್ಟಿಫಿಕೇಟುಗಳ ಕತೆ, 8 ಕಂತುಗಳಲ್ಲಿ

1/8 🥔 ಚೀಲದ ಚೀಟಿ

ಹಳ್ಳಿಮೈಸೂರು, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಗೆಳೆಯರಿಂದ ಮತ್ತೆ ಮತ್ತೆ ಬರೋ ಮೆಸೇಜು ಇದು: "ಲಿನಕ್ಸ್ ಸರ್ಟಿಫಿಕೇಶನ್ ಮಾಡ್ಬೇಕು ಅಂತಿದೀನಿ. ರೆಡ್ ಹ್ಯಾಟ್ ಮಾಡ್ಲಾ, ಎಲ್‌ಪಿಐ ಮಾಡ್ಲಾ, ಕಾಂಪ್‌ಟಿಯಾ ಮಾಡ್ಲಾ? ಯಾವ್ದು ಒಳ್ಳೇದು?"

ಒಂದೇ ಸಾಲಲ್ಲಿ ಉತ್ತರ ಕೊಡಬಹುದು. ಆದ್ರೆ ಆ ಉತ್ತರ ಎರಡು ವರ್ಷಕ್ಕೆ ಹಳಸಿಹೋಗುತ್ತೆ. ಈ ಸರ್ಟಿಫಿಕೇಟುಗಳು ಯಾಕೆ ಹುಟ್ಟಿದವು, ಯಾರು ಯಾರ ಜೊತೆ ಜಗಳ ಆಡಿದ್ರು, ಯಾವುವು ಸತ್ತುಹೋದವು ಅನ್ನೋದು ಗೊತ್ತಿದ್ರೆ ಮಾತ್ರ ಮುಂದೆ ಹೊಸದು ಬಂದಾಗಲೂ ನೀವೇ ಅಳೆದು ನೋಡಬಲ್ಲಿರಿ. ಅದಕ್ಕೇ ಈ ಸರಣಿ. ಇದು ಇತಿಹಾಸ, ಆದ್ರೆ ಪರೀಕ್ಷೆಗೆ ಬರೋ ಇತಿಹಾಸ ಅಲ್ಲ. ಜೇಬಿಗೆ ಬರೋ ಇತಿಹಾಸ.

ನಮ್ಮ ಊರ ಭಾಷೇಲೇ ಶುರು ಮಾಡೋಣ. ಹಾಸನ ಜಿಲ್ಲೆಯ ಆಲೂಗಡ್ಡೆ ಬೆಳೆಗಾರರಿಗೆ ಬಿತ್ತನೆ ಗಡ್ಡೆ ಬರೋದು ದೂರದ ಪಂಜಾಬಿನ ಜಲಂಧರ್ ಕಡೆಯಿಂದ. ಹಾಸನದ ಎಪಿಎಂಸಿಯಲ್ಲಿ ಚೀಲ ಇಳಿಯುತ್ತೆ. ಗಡ್ಡೆ ಬೆಳೆದ ಹೊಲ ನಾವು ನೋಡಿಲ್ಲ, ಬೆಳೆದವನ ಮುಖ ಗೊತ್ತಿಲ್ಲ. ಹಾಗಾಗಿ "ದೃಢೀಕೃತ" ಅನ್ನೋ ಒಂದು ಮಾತಿಗೆ ಅಷ್ಟೊಂದು ಬೆಲೆ. ಚೀಟಿ ಇದ್ದೂ ಮೊಳಕೆ ಬರದಿದ್ರೆ ವರ್ಷದ ಬೆಳೆ ಹೋಯ್ತು. ಚೀಟಿ ಇಲ್ಲದಿದ್ರೆ ಕೊಳ್ಳೋಕೇ ಧೈರ್ಯ ಸಾಲದು.

ಕೆಲಸ ಕೊಡೋರ ಪರಿಸ್ಥಿತಿಯೂ ಅದೇ. ಬೆಂಗಳೂರಿನ ಕಂಪನಿಯವರಿಗೆ ನೀವು ಗೊತ್ತಿಲ್ಲ, ನಿಮ್ಮ ಲ್ಯಾಬು ಗೊತ್ತಿಲ್ಲ. ಗೊತ್ತಿಲ್ಲದವರ ನಡುವೆ ವ್ಯವಹಾರ ನಡೀಬೇಕಾದ್ರೆ ಮಧ್ಯೆ ಒಂದು ಚೀಟಿ ಬೇಕು. ಪ್ರಶ್ನೆ ಇಷ್ಟೇ: ಆ ಚೀಟಿಗೆ ಸಹಿ ಹಾಕೋರು ಯಾರು? ಗಡ್ಡೆ ಕುಯ್ದು ನೋಡಿ ಹಾಕ್ತಾರಾ, ಚೀಲ ನೋಡಿ ಹಾಕ್ತಾರಾ?

2/8 🐧 ಯಜಮಾನನೇ ಇಲ್ಲದ ಮನೆ

1991ರ ಆಗಸ್ಟ್. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಓದ್ತಿದ್ದ ಲೈನಸ್ ಟೋರ್ವಾಲ್ಡ್ಸ್ ಅನ್ನೋ ಹುಡುಗ, ತಾನೊಂದು ಆಪರೇಟಿಂಗ್ ಸಿಸ್ಟಮ್ ಬರೀತಿದೀನಿ ಅಂತ ತಿಳಿಸ್ತಾನೆ. ಆಗ ಅವನಿಗೆ 21 ವರ್ಷ. ನಿಮ್ಮಲ್ಲಿ ಬಹಳ ಜನರ ವಯಸ್ಸು. ಮುಂದಿನ ವರ್ಷ ಅದನ್ನ ಜಿಪಿಎಲ್ ಅನ್ನೋ ಪರವಾನಗಿಯಡಿ ಬಿಟ್ಟ. ಅಂದ್ರೆ ಯಾರು ಬೇಕಾದ್ರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ತಿದ್ದಿದ್ದನ್ನ ಹಂಚೋದಾದ್ರೆ ಅದರ ಮೂಲವನ್ನೂ ಕೊಡಬೇಕು.

ಇದು ಬಂದ ಕೂಡ್ಲೇ ಒಂದು ವಿಚಿತ್ರ ತೊಂದರೆ ಹುಟ್ಟಿತು. ಅವತ್ತಿನ ಕಂಪ್ಯೂಟರ್ ಲೋಕದಲ್ಲಿ ಸರ್ಟಿಫಿಕೇಟು ಕೊಡ್ತಿದ್ದವರು ಮಾಲೀಕರೇ. ನೋವೆಲ್ ಕಂಪನಿಯ ನೆಟ್‌ವೇರ್‌ಗೆ ನೋವೆಲ್ಲೇ ಸಹಿ ಹಾಕ್ತಿತ್ತು. ವಿಂಡೋಸ್‌ಗೆ ಮೈಕ್ರೋಸಾಫ್ಟ್ ಸಹಿ. ಲಿನಕ್ಸ್‌ಗೆ ಮಾಲೀಕನೇ ಇಲ್ವಲ್ಲ! ಯಜಮಾನ ಇಲ್ಲದ ಮನೇಲಿ ಯಾರು ಮೊಹರು ಒತ್ತಬೇಕು?

ಎರಡನೇ ತೊಂದರೆ ಇನ್ನೂ ಆಳದ್ದು. 1990ರ ದಶಕದ ಕೊನೆಗೆ ಮೈಕ್ರೋಸಾಫ್ಟಿನ ಎಂಸಿಎಸ್‌ಇ ಪರೀಕ್ಷೆಯ ಪ್ರಶ್ನೆ-ಉತ್ತರ ಉರು ಹೊಡೆದು ಪಾಸಾದವರ ಸಂಖ್ಯೆ ಬೆಳೀತು. ಸರ್ಟಿಫಿಕೇಟ್ ಇದೆ, ಸರ್ವರ್ ಮುಂದೆ ಕೂರಿಸಿದ್ರೆ ಕೈ ಓಡಲ್ಲ. ಇಂಥವರಿಗೆ "ಪೇಪರ್ ಎಂಸಿಎಸ್‌ಇ" ಅಂತ ಅಡ್ಡಹೆಸರೇ ಬಿತ್ತು. ಹೀಗಾಗಿ ಲಿನಕ್ಸಿನ ಹಳಬರಲ್ಲಿ ಎಷ್ಟೋ ಜನಕ್ಕೆ ಸರ್ಟಿಫಿಕೇಟು ಅಂದ್ರೇನೇ ಅಲರ್ಜಿ. "ಕೋಡು ತೋರಿಸು, ಕಾಗದ ಬೇಡ" ಅನ್ನೋದು ಅವರ ನಿಲುವು.

ಆ ಮಾತಲ್ಲಿ ಸತ್ಯ ಇತ್ತು. ಆದ್ರೆ ಒಂದು ವಿಷಯ ಅವರ ಕಣ್ಣಿಗೆ ಬೀಳಲಿಲ್ಲ. ಕೋಡು ತೋರಿಸೋಕೆ ನೋಡೋರು ಬೇಕಲ್ವಾ? ದೊಡ್ಡ ಊರಲ್ಲಿ ಇದ್ದವನಿಗೆ ಆ ಬಳಗ ಇತ್ತು, ಪರಿಚಯ ಇತ್ತು. ದೂರದಲ್ಲಿ ಒಬ್ಬನೇ ಕಲಿತವನಿಗೆ ಏನಿತ್ತು?

3/8 ⚔️ 1999: ಎರಡು ದಾರಿ

ಮೊದಲ ದಾರಿ ರೆಡ್ ಹ್ಯಾಟಿನದ್ದು. 1993ರಲ್ಲಿ ಶುರುವಾದ ಈ ಕಂಪನಿ 1999ರ ಆಗಸ್ಟಿನಲ್ಲಿ ಷೇರುಪೇಟೆಗೆ ಬಂತು. ಆ ಹೊತ್ತಿಗೆ ಅದರ ಆರ್‌ಎಚ್‌ಸಿಇ ಪರೀಕ್ಷೆಯೂ ಚಾಲ್ತಿಯಲ್ಲಿತ್ತು. ಲಿನಕ್ಸ್ ನಮ್ಮದಲ್ಲ ನಿಜ, ಆದ್ರೆ ನಾವು ಕಟ್ಟಿ ಮಾರೋ ಲಿನಕ್ಸಿಗೆ ಸಹಿ ಹಾಕೋ ಹಕ್ಕು ನಮಗಿದೆ ಅನ್ನೋದು ಅವರ ವಾದ. ಅವರು ಮಾಡಿದ ದೊಡ್ಡ ಕೆಲಸ ಅಂದ್ರೆ ಪರೀಕ್ಷೆಯನ್ನ ನಿಜವಾದ ಮಷೀನಿನ ಮೇಲೆ ಇಟ್ಟಿದ್ದು. ಕೆಟ್ಟ ಸಿಸ್ಟಮ್ ಕೊಡ್ತಾರೆ, ಸರಿಮಾಡು ಅಂತಾರೆ. ಗಡ್ಡೆ ಕುಯ್ದು ನೋಡೋ ಪದ್ಧತಿ.

ಎರಡನೇ ದಾರಿ ಎಲ್‌ಪಿಐ, ಅಂದ್ರೆ ಲಿನಕ್ಸ್ ಪ್ರೊಫೆಷನಲ್ ಇನ್‌ಸ್ಟಿಟ್ಯೂಟ್. ಡ್ಯಾನ್ ಯಾರ್ಕ್ ಅನ್ನೋರು 1998ರಲ್ಲಿ ಲಿನಕ್ಸಿಗೂ ಒಂದು ಸರ್ಟಿಫಿಕೇಟು ಬೇಕು ಅಂತ ಬರೆದು ಚರ್ಚೆ ಎಬ್ಬಿಸಿದ್ರು. ಕೆನಡಾದ ಇವಾನ್ ಲೈಬೋವಿಚ್ ಮತ್ತಿತರರು ಜೊತೆಯಾದ್ರು. 1999ರ ಅಕ್ಟೋಬರಿನಲ್ಲಿ ಕೆನಡಾದಲ್ಲಿ ಲಾಭಕ್ಕಲ್ಲದ ಸಂಸ್ಥೆಯಾಗಿ ನೋಂದಣಿಯಾಯ್ತು. 2000ದಲ್ಲಿ ಮೊದಲ ಪರೀಕ್ಷೆ ಬಂತು. ಒಂದೇ ಕಂಪನಿಯ ಲಿನಕ್ಸ್ ಕಲಿತ್ರೆ ಸಾಲದು, ಡೆಬಿಯನ್ ಕಡೆಯದ್ದೂ ರೆಡ್ ಹ್ಯಾಟ್ ಕಡೆಯದ್ದೂ ಎರಡೂ ಗೊತ್ತಿರಬೇಕು ಅನ್ನೋದು ಇವರ ತತ್ವ. ಇವತ್ತಿಗೂ ಎಲ್‌ಪಿಐಸಿ-1ರಲ್ಲಿ ಎರಡೂ ಕಡೆಯ ಪ್ಯಾಕೇಜ್ ಕಮಾಂಡುಗಳು ಬರುತ್ತವೆ. ಆದ್ರೆ ಪರೀಕ್ಷೆ ಮಾತ್ರ ಪ್ರಶ್ನೆಪತ್ರಿಕೆ ಥರದ್ದು: ಸರಿಯುತ್ತರ ಆರಿಸು, ಖಾಲಿ ಜಾಗ ತುಂಬು.

ಈಗ ಗಮನಿಸಿ. ಒಬ್ಬರ ಪರೀಕ್ಷೆ ಗಟ್ಟಿ, ಆದ್ರೆ ಒಂದೇ ಕಂಪನಿಗೆ ಕಟ್ಟಿಕೊಂಡಿದ್ದು. ಇನ್ನೊಬ್ಬರದ್ದು ಯಾರ ಕಡೆಗೂ ವಾಲದ್ದು, ಆದ್ರೆ ಕೈಕೆಲಸ ನೋಡದ್ದು. 2025 ದಾಟಿದ್ರೂ ನೀವು ಎದುರಿಸ್ತಿರೋ ಆಯ್ಕೆ ಇದೇ. ಕಾಲು ಶತಮಾನದ ಹಳೇ ಜಗಳದ ಮಧ್ಯೆ ನಿಂತಿದ್ದೀರಿ ಕಣ್ರಪ್ಪಾ, ಯಾವುದೋ ರೀಲಲ್ಲಿ ಹೇಳೋ "ಟಾಪ್ 5" ಪಟ್ಟಿ ಮುಂದೆ ಅಲ್ಲ.

4/8 💿 ಬೆಂಗಳೂರಿಗೆ ಬಂದಿದ್ದು ಸಿಡಿಯಲ್ಲಿ

ನಮ್ಮ ಕಡೆಗೆ ಲಿನಕ್ಸ್ ಬಂದ ದಾರಿಯೇ ಬೇರೆ. 1990ರ ದಶಕದಲ್ಲಿ ಡೌನ್‌ಲೋಡ್ ಅನ್ನೋದು ಕನಸು. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ಲಿನಕ್ಸ್ ಸಿಡಿಯನ್ನ ಓದುಗರಿಗೆ ಹಂಚೋಕೆ ಶುರು ಮಾಡಿತು. ಅದರ ಹಿಂದೆ ಇದ್ದವರು ಬೆಂಗಳೂರಿನಲ್ಲಿ ನೆಲೆಸಿದ್ದ ಅತುಲ್ ಚಿಟ್ನಿಸ್. ಒಂದು ಸಿಡಿ ಹತ್ತು ಕೈ ಬದಲಾಯಿಸೋದು. ಒಂದು ಪೀಳಿಗೆ ಕಲಿತಿದ್ದೇ ಹಾಗೆ.

2001ರಲ್ಲಿ ಬೆಂಗಳೂರಿನಲ್ಲಿ 'ಲಿನಕ್ಸ್ ಬೆಂಗಳೂರು' ಸಮ್ಮೇಳನ ಶುರುವಾಯ್ತು. 2005ರಲ್ಲಿ ಅದು ಫಾಸ್ ಡಾಟ್ ಇನ್ ಅಂತ ಹೆಸರು ಬದಲಿಸಿಕೊಂಡು 2012ರವರೆಗೆ ನಡೀತು. ಅದೇ ಕಾಲದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಬೆಂಗಳೂರಿನ ಎಂಜಿನಿಯರುಗಳೂ ಸೇರಿ ಸಿಂಪ್ಯೂಟರ್ ಅನ್ನೋ ಅಂಗೈ ಕಂಪ್ಯೂಟರ್ ಮಾಡಿದ್ರು. ಬಡವರ ಕೈಗೆ, ಹಳ್ಳಿಯ ಕೈಗೆ ಅಂತ ಮಾಡಿದ ಆ ಯಂತ್ರದೊಳಗೆ ಇದ್ದಿದ್ದೂ ಲಿನಕ್ಸೇ. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ, ಆ ಮಾತು ಬೇರೆ.

ಕಾಲೇಜುಗಳ ಕತೆ? ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರದ್ದು. ವಿಟಿಯು ಬಂದಿದ್ದು 1998ರಲ್ಲಿ. ವಿಟಿಯುನ ಕಂಪ್ಯೂಟರ್ ಸೈನ್ಸ್ ಪಠ್ಯದಲ್ಲಿ "ಯೂನಿಕ್ಸ್ ಅಂಡ್ ಶೆಲ್ ಪ್ರೋಗ್ರಾಮಿಂಗ್" ಅನ್ನೋ ವಿಷಯ ವರ್ಷಗಟ್ಟಲೆ ಇತ್ತು. ಸುಮಿತಾಭ ದಾಸ್ ಅವರ ದಪ್ಪ ಪುಸ್ತಕ ನಿಮ್ಮ ಸೀನಿಯರುಗಳ ಮನೆಯ ಅಟ್ಟದಲ್ಲಿ ಇದ್ದೀತು, ಕೇಳಿ ನೋಡಿ. ವಿಷಯ ಇತ್ತು, ಪುಸ್ತಕ ಇತ್ತು. ಆದ್ರೆ ಪಾಸಾಗೋಕೆ ಬೇಕಿದ್ದಿದ್ದು ಬಿಳಿ ಹಾಳೆ ಮೇಲೆ ಕಮಾಂಡ್ ಬರೆಯೋದು.

ಹೀಗೆ ನೋಡಿದ್ರೆ ಅಂತರ ಎದ್ದು ಕಾಣುತ್ತೆ. ಬೆಂಗಳೂರಿನ ಹುಡುಗ ಸಮ್ಮೇಳನಕ್ಕೆ ಹೋಗ್ತಿದ್ದ, ಅಲ್ಲಿ ನಾಲ್ಕು ಜನರ ಪರಿಚಯ ಆಗೋದು, "ಇವ್ನು ನಮ್ಮ ಹುಡುಗ, ಕೆಲಸ ಗೊತ್ತು" ಅಂತ ಒಬ್ಬರು ಹೇಳಿದ್ರೆ ಸಾಕಿತ್ತು. ಹಳ್ಳಿಮೈಸೂರಿನಿಂದ ಹೋದವನಿಗೆ ಹಾಗೆ ಹೇಳೋರು ಯಾರು? ಸರ್ಟಿಫಿಕೇಟಿನ ನಿಜವಾದ ಕೆಲಸ ಇದು. ಜ್ಞಾನ ಕೊಡೋದಲ್ಲ. ಪರಿಚಯ ಇಲ್ಲದವನ ಪರವಾಗಿ ಒಂದು ಮಾತು ಹೇಳೋದು.

5/8 🪦 ಮದುವೆ, ವಿಚ್ಛೇದನ, ಸಾವು

ಈ ಕಂತು ಸೇವ್ ಮಾಡಿಟ್ಕೊಳ್ಳಿ. ದುಡ್ಡು ಉಳಿಸೋ ಕಂತು ಇದೇ.

ಸರ್ಟಿಫಿಕೇಟುಗಳೂ ಸಾಯ್ತವೆ. 1999ರ ಹೊತ್ತಿಗೆ ಅಮೆರಿಕದಲ್ಲಿ ಸೇರ್ ಅನ್ನೋ ಇನ್ನೊಂದು ಲಿನಕ್ಸ್ ಸರ್ಟಿಫಿಕೇಟು ಜೋರಾಗಿ ಓಡ್ತಿತ್ತು. ಇವತ್ತು ಹೆಸರು ಹೇಳಿದ್ರೆ ಯಾರಿಗೂ ಗೊತ್ತಿಲ್ಲ. 2006ರಲ್ಲಿ ಉಬುಂಟುವಿನವರು ಎಲ್‌ಪಿಐ ಜೊತೆ ಸೇರಿ ಒಂದು ಸರ್ಟಿಫಿಕೇಟು ತಂದ್ರು. ಅದೂ ಮುಚ್ಚಿಹೋಯ್ತು. ರೆಡ್ ಹ್ಯಾಟಿನ ಆರ್‌ಎಚ್‌ಸಿಟಿ ಹೋಗಿ ಅದರ ಜಾಗಕ್ಕೆ ಈಗಿನ ಆರ್‌ಎಚ್‌ಸಿಎಸ್‌ಎ ಬಂತು.

ಮದುವೆಯೂ ಆಗ್ತವೆ. 2010ರಿಂದ ಕಾಂಪ್‌ಟಿಯಾ ಮತ್ತು ಎಲ್‌ಪಿಐ ಒಂದಾಗಿದ್ವು. ಎರಡು ಪೇಪರ್ ಬರೆದ್ರೆ ಕಾಂಪ್‌ಟಿಯಾದ ಲಿನಕ್ಸ್ ಪ್ಲಸ್ಸೂ ಸಿಗ್ತಿತ್ತು, ಎಲ್‌ಪಿಐಸಿ-1 ಕೂಡ ಸಿಗ್ತಿತ್ತು. 2019ರಲ್ಲಿ ಕಾಂಪ್‌ಟಿಯಾ ತನ್ನದೇ ಹೊಸ ಪರೀಕ್ಷೆ ತಂದು ಬೇರೆಯಾಯ್ತು. "ಒಂದಕ್ಕೆ ಎರಡು ಫ್ರೀ" ಅನ್ನೋ ಹಳೇ ವಿಡಿಯೋ ಈಗಲೂ ತಿರುಗಾಡ್ತಿರುತ್ತೆ. ನಂಬ್ಬೇಡಿ.

ಇನ್ನು ಎಲ್ಲಕ್ಕಿಂತ ದೊಡ್ಡ ಅಲುಗಾಟ. ಐಬಿಎಂ 3,400 ಕೋಟಿ ಡಾಲರಿಗೆ ರೆಡ್ ಹ್ಯಾಟ್ ಕೊಳ್ಳೋದಾಗಿ 2018ರಲ್ಲಿ ಹೇಳಿ, 2019ರ ಜುಲೈನಲ್ಲಿ ವ್ಯವಹಾರ ಮುಗಿಸಿತು. ರೆಡ್ ಹ್ಯಾಟಿನ ಉಚಿತ ಅವಳಿ ಅಂತಿದ್ದ ಸೆಂಟ್ ಓಎಸ್ ಮೇಲೆ ಅಭ್ಯಾಸ ಮಾಡಿಯೇ ಎಷ್ಟೋ ಜನ ಪರೀಕ್ಷೆ ಬರೆದಿದ್ರು. 2020ರ ಡಿಸೆಂಬರಿನಲ್ಲಿ, ಸೆಂಟ್ ಓಎಸ್ 8 ಮುಂದಿನ ವರ್ಷದ ಕೊನೆಗೇ ನಿಲ್ಲುತ್ತೆ ಅಂತ ಘೋಷಣೆ ಬಂತು. ಜನ ಕಂಗಾಲಾದ್ರು. 2021ರಲ್ಲಿ ಆ ಜಾಗ ತುಂಬೋಕೆ ರಾಕಿ ಲಿನಕ್ಸ್, ಆಲ್ಮಾ ಲಿನಕ್ಸ್ ಹುಟ್ಟಿದವು. ಅದೇ ವರ್ಷ ರೆಡ್ ಹ್ಯಾಟ್ ಕೂಡ, ಒಬ್ಬ ವ್ಯಕ್ತಿ 16 ಮಷೀನಿನವರೆಗೆ ತನ್ನ ಸಿಸ್ಟಮನ್ನ ಉಚಿತವಾಗಿ ಬಳಸಬಹುದು ಅಂತ ಡೆವಲಪರ್ ಯೋಜನೆಯನ್ನ ಸಡಿಲ ಮಾಡಿತು.

ಪಾಠ ಏನು? ಕಾಗದದ ಮೇಲಿನ ಹೆಸರು ಬದಲಾಗುತ್ತೆ. ಅದರಡಿ ನೀವು ಕಲಿತ ಯೂಸರ್, ಪರ್ಮಿಶನ್, ಡಿಸ್ಕು, ನೆಟ್‌ವರ್ಕು ಬದಲಾಗೋದು ಬಹಳ ನಿಧಾನ. ಸುಮಿತಾಭ ದಾಸ್ ಪುಸ್ತಕದ ಎಷ್ಟೋ ಕಮಾಂಡು ಇವತ್ತಿನ ಪರೀಕ್ಷೆಯಲ್ಲೂ ಹಾಗೇ ಓಡುತ್ತೆ.

6/8 🏫 ಕಾಸರಗೋಡಿನ ಕನ್ನಡ ಮಕ್ಕಳು

"ಇಂಗ್ಲಿಷ್ ಬರಲ್ಲ, ನಂಗೆ ಇದೆಲ್ಲ ಆಗಲ್ಲ" ಅನ್ನೋರಿಗೆ ಈ ಕಂತು.

ಕೇರಳದಲ್ಲಿ 2001ರ ಸುಮಾರಿಗೆ ಐಟಿ ಅಟ್ ಸ್ಕೂಲ್ ಅನ್ನೋ ಸರ್ಕಾರಿ ಯೋಜನೆ ಬಂತು. ಕೆಲವೇ ವರ್ಷದಲ್ಲಿ ಅದು ಶಾಲೆಗಳ ಕಂಪ್ಯೂಟರನ್ನೆಲ್ಲ ಲಿನಕ್ಸಿಗೆ ಬದಲಿಸಿತು. ಹೈಸ್ಕೂಲಿನ ಐಟಿ ಪ್ರಾಯೋಗಿಕ ಪರೀಕ್ಷೆಯೂ ಲಿನಕ್ಸ್ ಮೇಲೆ. 2017ರಲ್ಲಿ ಆ ಯೋಜನೆ ಕೈಟ್ ಅನ್ನೋ ಸರ್ಕಾರಿ ಕಂಪನಿಯಾಯ್ತು. ಇದರಲ್ಲಿ ನಮಗೇನು ಸಂಬಂಧ? ಕಾಸರಗೋಡು ಕೇರಳದಲ್ಲಿದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಸಿಗುತ್ತೆ. ಅಂದ್ರೆ ಅಲ್ಲಿನ ಕನ್ನಡದ ಹುಡುಗ ಹುಡುಗೀರು ಹತ್ತನೇ ಕ್ಲಾಸು ಮುಗಿಸೋ ಹೊತ್ತಿಗೆ ಲಿನಕ್ಸ್ ಅಂದ್ರೆ ಹೆದರೋ ವಸ್ತು ಅಲ್ಲ, ಶಾಲೆಯ ಕಂಪ್ಯೂಟರ್ ಅಷ್ಟೇ.

ಕರ್ನಾಟಕದಲ್ಲೂ ಪ್ರಯತ್ನ ಆಗಿದೆ. 2011ರ ಸುಮಾರಿಗೆ ಹೈಸ್ಕೂಲ್ ಶಿಕ್ಷಕರಿಗಾಗಿ ವಿಷಯ ಶಿಕ್ಷಕರ ವೇದಿಕೆ ಅನ್ನೋ ಕಾರ್ಯಕ್ರಮ ಶುರುವಾಗಿ, ಉಬುಂಟು ಮೇಲೆ ತರಬೇತಿ ಕೊಟ್ರು. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದವರು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಶಿಬಿರ ನಡೆಸಿದ್ರು. ಕನ್ನಡದಲ್ಲಿ 'ಲಿನಕ್ಸಾಯಣ' ಅಂತ ಓಂ ಶಿವಪ್ರಕಾಶ್ ಬರೆದ ಬರಹಗಳಿವೆ. ಅಂದ್ರೆ ಕನ್ನಡದಲ್ಲಿ ಲಿನಕ್ಸ್ ಹೇಳೋಕೆ ಆಗಲ್ಲ ಅನ್ನೋದು ಸುಳ್ಳು.

ಆದ್ರೆ ಈ ದೊಡ್ಡ ಸರ್ಟಿಫಿಕೇಟುಗಳ ಪರೀಕ್ಷೆ ಒಂದೂ ಕನ್ನಡದಲ್ಲಿಲ್ಲ. ಹಾಗಾಗಿ ಪರೀಕ್ಷೆಯ ರೂಪ ನೋಡೋದು ನಮ್ಗೆ ಮುಖ್ಯ. 90 ನಿಮಿಷದಲ್ಲಿ 60 ಪ್ರಶ್ನೆ ಅಂದ್ರೆ ಒಂದಕ್ಕೆ ಒಂದೂವರೆ ನಿಮಿಷ. ಅಲ್ಲಿ ಇಂಗ್ಲಿಷ್ ಓದೋ ವೇಗವೂ ಲೆಕ್ಕಕ್ಕೆ ಬರುತ್ತೆ, ನಾಲ್ಕು ಆಯ್ಕೆಗಳ ಸೂಕ್ಷ್ಮವೂ ಲೆಕ್ಕಕ್ಕೆ ಬರುತ್ತೆ. ಪ್ರಾಯೋಗಿಕ ಪರೀಕ್ಷೇಲಿ "ಈ ಯೂಸರ್ ಮಾಡು, ಈ ಫೋಲ್ಡರನ್ನ ಇವರಿಗೆ ಮಾತ್ರ ಕಾಣೋ ಹಾಗೆ ಮಾಡು" ಅನ್ನೋ ಥರದ ನೇರ ಕೆಲಸ. ಕಮಾಂಡಿಗೆ ಕಾನ್ವೆಂಟು, ಕನ್ನಡ ಮಾಧ್ಯಮ ಅನ್ನೋ ಭೇದ ಇಲ್ಲ. ಕೈಕೆಲಸದ ಪರೀಕ್ಷೆ ಕಷ್ಟ ಅಂತ ಎಲ್ಲರೂ ಹೆದರಿಸ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅದೇ ಹೆಚ್ಚು ನ್ಯಾಯದ ಪರೀಕ್ಷೆ ಅಂತ ನನ್ನ ಅಭಿಪ್ರಾಯ.

7/8 ⚖️ ಈಗ ಆರಿಸೋಣ

ಇಷ್ಟು ಕತೆ ಗೊತ್ತಾದ ಮೇಲೆ ಒಂದೊಂದನ್ನೇ ಎದುರಿಗಿಟ್ಟು ನೋಡಿ.

▪️ ಲಿನಕ್ಸ್ ಎಸೆನ್ಷಿಯಲ್ಸ್ (ಎಲ್‌ಪಿಐ): 40 ಪ್ರಶ್ನೆ, 60 ನಿಮಿಷ. ಅವಧಿ ಮುಗಿಯಲ್ಲ. ಪಿಯುಸಿ, ಡಿಪ್ಲೊಮಾದವರಿಗೆ ಧೈರ್ಯ ಕೊಡುತ್ತೆ. ಇದೊಂದರಿಂದಲೇ ಕೆಲಸ ಸಿಗುತ್ತೆ ಅಂತ ಕಾಯಬೇಡಿ.

▪️ ಎಲ್‌ಪಿಐಸಿ-1: ಎರಡು ಪೇಪರು, ಪ್ರತಿಯೊಂದೂ 90 ನಿಮಿಷ, 60 ಪ್ರಶ್ನೆ. 800ಕ್ಕೆ 500 ಬೇಕು. 5 ವರ್ಷ ಚಾಲ್ತಿ. ಫೀಸು ಎರಡು ಸಲ ಕಟ್ಟಬೇಕು, ಮರೀಬೇಡಿ. ಅಡಿಪಾಯ ಅಗಲವಾಗಿ ಬೇಕು ಅನ್ನೋರಿಗೆ ಇದರ ಪಠ್ಯಕ್ರಮ ಬಹಳ ಚೆನ್ನಾಗಿದೆ. ಪರೀಕ್ಷೆ ಬರೀದಿದ್ರೂ ಪಠ್ಯಕ್ರಮ ಉಚಿತವಾಗಿ ನೋಡ್ಕೊಂಡು ಕಲೀಬಹುದು.

▪️ ಕಾಂಪ್‌ಟಿಯಾ ಲಿನಕ್ಸ್ ಪ್ಲಸ್: ಒಂದೇ ಪೇಪರು, 90 ನಿಮಿಷ. ಆಯ್ಕೆಯ ಪ್ರಶ್ನೆ ಜೊತೆ ಸ್ವಲ್ಪ ಕೈಕೆಲಸ. 3 ವರ್ಷ ಚಾಲ್ತಿ.

▪️ ಎಲ್‌ಎಫ್‌ಸಿಎಸ್: ಲಿನಕ್ಸ್ ಫೌಂಡೇಶನ್ 2014ರಲ್ಲಿ ತಂದಿದ್ದು. ಹಳೇ ಜಗಳಕ್ಕೆ ರಾಜಿಸೂತ್ರ ಅನ್ನಬಹುದು: ಕೈಕೆಲಸದ ಪರೀಕ್ಷೆ, ಆದ್ರೆ ಒಂದೇ ಮಾರಾಟಗಾರನಿಗೆ ಕಟ್ಟಿಕೊಂಡಿಲ್ಲ. ಆನ್‌ಲೈನಿನಲ್ಲಿ 2 ಗಂಟೆ. ಫೇಲಾದ್ರೆ ಇನ್ನೊಂದು ಸಲ ಬರೆಯೋ ಅವಕಾಶ ಫೀಸಿನಲ್ಲೇ ಸೇರಿರುತ್ತೆ. ಈಗ ಚಾಲ್ತಿ 2 ವರ್ಷ ಮಾತ್ರ.

▪️ ಆರ್‌ಎಚ್‌ಸಿಎಸ್‌ಎ: ಪೂರ್ತಿ ಕೈಕೆಲಸ. 300ಕ್ಕೆ 210 ಬೇಕು. 3 ವರ್ಷ ಚಾಲ್ತಿ. ಆರ್‌ಎಚ್‌ಸಿಇ ಆಗಬೇಕಾದ್ರೆ ಇದು ಮೊದಲ ಮೆಟ್ಟಿಲು. ಆ ಆರ್‌ಎಚ್‌ಸಿಇ ಕೂಡ 2019ರಿಂದ ಬದಲಾಗಿ ಆನ್ಸಿಬಲ್ ಮೂಲಕ ನೂರಾರು ಮಷೀನನ್ನ ಒಟ್ಟಿಗೆ ನಡೆಸೋ ಪರೀಕ್ಷೆ ಆಗಿದೆ.

ನನ್ನ ಲೆಕ್ಕ: ಮನೇಲಿ ಒಂದೇ ಒಂದು ಪರೀಕ್ಷೆಗೆ ದುಡ್ಡು ಇದೆ, ಸರ್ವರ್ ನೋಡ್ಕೊಳ್ಳೋ ಕೆಲಸ ಬೇಕು ಅಂದ್ರೆ ಆರ್‌ಎಚ್‌ಸಿಎಸ್‌ಎ ಕಡೆ ಹೋಗಿ. ಬ್ಯಾಂಕು, ಟೆಲಿಕಾಂ, ದೊಡ್ಡ ಕಂಪನಿಗಳಲ್ಲಿ ರೆಡ್ ಹ್ಯಾಟ್ ಬಳಕೆ ಹೆಚ್ಚು, ಎಚ್‌ಆರ್ ಮಂದಿಗೆ ಹೆಸರೂ ಗೊತ್ತು. ಹೊರದೇಶಕ್ಕೆ ಹೋಗೋ ಆಲೋಚನೆ ಇದ್ರೆ ಆ ದೇಶದ ಕೆಲಸದ ಜಾಹೀರಾತಿನಲ್ಲಿ ಯಾವ ಹೆಸರು ಬರುತ್ತೆ ನೋಡಿ ಆಮೇಲೆ ತೀರ್ಮಾನ ಮಾಡಿ. ಫೀಸು ಬದಲಾಗ್ತಾ ಇರುತ್ತೆ. ಆಯಾ ಸಂಸ್ಥೆಯ ತಾಣದಲ್ಲೇ ನೋಡಿ, ದಲ್ಲಾಳಿ ಮಾತು ಕೇಳಬೇಡಿ.

ಇನ್ನೊಂದು ಮಾತು. ಕೋರ್ಸು ಬೇರೆ, ಪರೀಕ್ಷೆ ಬೇರೆ. ಮೇಲಿನ ಯಾವ ಆರಂಭದ ಪರೀಕ್ಷೆಗೂ ಕೋಚಿಂಗ್ ಕಡ್ಡಾಯ ಅಲ್ಲ. "ನೂರಕ್ಕೆ ನೂರು ಕೆಲಸ ಗ್ಯಾರಂಟಿ" ಅಂತ ಯಾರಾದ್ರೂ ಅಪ್ಪನ ಹತ್ರ ಆಲೂಗಡ್ಡೆ ದುಡ್ಡು ಕಟ್ಟಿಸಿಕೊಳ್ಳೋಕೆ ಬಂದ್ರೆ, ಆ ಗ್ಯಾರಂಟಿಯನ್ನ ಛಾಪಾ ಕಾಗದದಲ್ಲಿ ಬರ್ಕೊಡಿ ಅನ್ನಿ. ಮಾತು ಅಲ್ಲಿಗೇ ನಿಲ್ಲುತ್ತೆ.

8/8 🔌 ಕರೆಂಟು ಹೋಗಿ ಬಂದ ಮೇಲೆ

ತಯಾರಿ ಹೇಗೆ? 8 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್ ಇದ್ರೆ ಸಾಕು. ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ರಾಕಿ ಅಥವಾ ಆಲ್ಮಾದ ಎರಡು ಮಷೀನು ಮಾಡಿ. ಗ್ರಾಫಿಕ್ಸ್ ಬೇಡ, ಬರೀ ಟರ್ಮಿನಲ್. 4 ಜಿಬಿ ಇದ್ರೂ ಒಂದು ಮಷೀನು ನಡೆಯುತ್ತೆ.

ಮೊದಲ ತಿಂಗಳು: ಫೈಲು, ಯೂಸರು, ಪರ್ಮಿಶನ್ನು, ವಿಐ ಎಡಿಟರು. ಎರಡನೇ ತಿಂಗಳು: ಡಿಸ್ಕು ಭಾಗ ಮಾಡೋದು, ಎಲ್‌ವಿಎಂ, ಸರ್ವೀಸು, ನೆಟ್‌ವರ್ಕು. ಮೂರನೇ ತಿಂಗಳು: ಫೈರ್‌ವಾಲು, ಎಸ್‌ಇ ಲಿನಕ್ಸು, ಚಿಕ್ಕ ಚಿಕ್ಕ ಸ್ಕ್ರಿಪ್ಟು. ಆಮೇಲೆ ಗಡಿಯಾರ ಇಟ್ಕೊಂಡು ಅಭ್ಯಾಸ.

ರೆಡ್ ಹ್ಯಾಟ್ ಪರೀಕ್ಷೇಲಿ ಇಂಟರ್‌ನೆಟ್ ಇರಲ್ಲ. ಆದ್ರೆ ಸಿಸ್ಟಮ್ ಒಳಗಿರೋ 'ಮ್ಯಾನ್' ಪುಟಗಳು ಇರ್ತವೆ. ಹಾಗಾಗಿ ಅಭ್ಯಾಸ ಮಾಡುವಾಗಲೂ ಸಿಕ್ಕಿಹಾಕ್ಕೊಂಡ ಕೂಡ್ಲೇ ಮೊಬೈಲ್ ಎತ್ತಬೇಡಿ. ಮೊದಲು ಮ್ಯಾನ್ ಪುಟ ತೆಗೀರಿ. ಇಂಗ್ಲಿಷ್ ಮೊದಮೊದಲು ಕಷ್ಟ, ಆದ್ರೆ ಆ ಪುಟಗಳಲ್ಲಿ ಅವೇ ಇನ್ನೂರು-ಮುನ್ನೂರು ಪದ ಸುತ್ತಿ ಸುತ್ತಿ ಬರ್ತವೆ. ಒಂದು ನೋಟ್‌ಬುಕ್ಕಲ್ಲಿ ಕನ್ನಡದ ಅರ್ಥ ಬರ್ಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದ ನಿಯಮ: ನೀವು ಮಾಡಿದ್ದು ಮಷೀನು ರೀಬೂಟ್ ಆದ ಮೇಲೂ ಉಳೀಬೇಕು. ಎಫ್‌ಎಸ್‌ಟ್ಯಾಬ್ ಅನ್ನೋ ಫೈಲಿನಲ್ಲಿ ಒಂದು ಸಾಲು ತಪ್ಪಿದ್ರೆ ಸಿಸ್ಟಮ್ ಮೇಲೇಳೋದೇ ಇಲ್ಲ, ಉಳಿದಿದ್ದೆಲ್ಲ ಸರಿ ಮಾಡಿದ್ರೂ ಅಂಕ ಹೋಯ್ತು. ಇದನ್ನ ಕಲಿಸೋಕೆ ನಮ್ಮೂರಿಗಿಂತ ಒಳ್ಳೇ ಜಾಗ ಇಲ್ಲ ಬಿಡಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪು, ಸಂಜೆ ಕರೆಂಟು ಹೋಗುತ್ತೆ, ಬರುತ್ತೆ. ಬಂದ ಮೇಲೆ ನೋಡಿ: ನೀವು ಕಟ್ಟಿದ್ದು ನಿಂತಿದೆಯಾ? ನಿಂತಿದ್ರೆ ನೀವು ಪರೀಕ್ಷೆಗೆ ಸಿದ್ಧ.

ಡಂಪ್ ಕೊಳ್ಳೋರಿಗೆ ಕೊನೇ ಮಾತು. "ಪೇಪರ್ ಎಂಸಿಎಸ್‌ಇ" ಕತೆ ನೆನಪಿದೆಯಲ್ಲ? ಅವತ್ತು ಉರು ಹೊಡೆದವರು ಹಾಳು ಮಾಡಿದ್ದು ತಮ್ಮ ಹೆಸರೊಂದನ್ನೇ ಅಲ್ಲ, ನಿಯತ್ತಾಗಿ ಓದಿದವರ ಕಾಗದದ ಬೆಲೆಯನ್ನೂ. ನಮ್ಮ ತಾಲ್ಲೂಕಿನಿಂದ ಮೊದಲು ಹೋದವರು ಹೇಗೆ ಕೆಲಸ ಮಾಡ್ತಾರೋ, ಹಿಂದೆ ಬರೋರಿಗೆ ಬಾಗಿಲು ಹಾಗೇ ತೆರೆಯುತ್ತೆ. ಸಹಿ ಹಾಕೋರು ಯಾರೇ ಇರಲಿ, ಆ ಸಹಿಯನ್ನ ದಿನಾ ನಿಜ ಮಾಡಬೇಕಾದವರು ನೀವು.

ಎರಡನೇ ತಿಂಗಳಲ್ಲಿ ಎಲ್‌ವಿಎಂ ಹತ್ರ ಎಲ್ಲರೂ ಸಿಕ್ಕಿಹಾಕ್ಕೊಳ್ತಾರೆ. ಆಗ ಬಿಟ್ಟುಬಿಡಬೇಡಿ, ಕಾಮೆಂಟಲ್ಲಿ ಕೇಳಿ. ಗೊತ್ತಿರೋರು ಹೇಳಿ. ಸಮ್ಮೇಳನಕ್ಕೆ ಹೋಗೋಕೆ ಆಗದವರಿಗೆ ಸದ್ಯಕ್ಕೆ ಇದೇ ಬಳಗ.

#ಲಿನಕ್ಸ್ #ಹಳ್ಳಿಮೈಸೂರು #ಹೊಳೆನರಸೀಪುರ #ಹಾಸನ #ಕನ್ನಡದಲ್ಲಿತಂತ್ರಜ್ಞಾನ